ಪೆನಾಸ್ಕಿಟೋಸ್ ಅನ್ನದಾತರ ಹನ್ನೆರಡು ಸೆಂಟ್ಸ್

ಸಮಸ್ತ ಕನ್ನಡಿಗರಿಗೂ, ವಿಶೇಷವಾಗಿ ಹದಿನೈದನೇ ನಂಬರಿನ ಹೈವೇಯ ಎರಡೂ ಬದಿ ವಾಸವಾಗಿರುವವರಿಗೂ ಈ ಮೂಲಕ ತಿಳಿಸುವುದೇನೆಂದರೆ: 2022ರ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಬಿಸಿಬೇಳೆಬಾತ್ ಖಾಲಿಯಾಗಿ ಮೊಸರನ್ನ ಇನ್ನೂ ಬಾರದ ನಡುವಿನ ಹತ್ತು ನಿಮಿಷದಲ್ಲಿ, ಕ್ಯಾಲಿಫೋರ್ನಿಯಾದ ರ್ಯಾಂಚೊ ಪೆನಾಸ್ಕಿಟೋಸ್ ಕನ್ನಡ ಕೂಟದ ಕಾರ್ಯಕಾರಿ ಸಮಿತಿಯು ಶ್ರೀ ಇಂದುಶೇಖರ ಅವರಿಗೆ ‘ಅನಿವಾಸಿ ಅನ್ನದಾತ’ ಎಂಬ ಬಿರುದನ್ನು ಸರ್ವಾನುಮತದಿಂದ ದಯಪಾಲಿಸಿತು. ಸಮಿತಿಯಲ್ಲಿ ಏಳು ಜನ. ಅಂದು ಹಾಜರಿದ್ದವರು ಮೂವರು. ಅವರಲ್ಲೊಬ್ಬರು ಇನ್ನೂ ಪಾರ್ಕಿಂಗ್ ಹುಡುಕುತ್ತಿದ್ದರು.

ಬಿರುದಿನ ಜತೆಗೆ ಒಂದು ಪೇಟ, ಒಂದು ಶಾಲು, ಚಿನ್ನದ ಬಣ್ಣದ ಅಂಚಿನ ಒಂದು ಸರ್ಟಿಫಿಕೇಟು. ಅದರಲ್ಲಿ ಕೂಟದ ಅಧ್ಯಕ್ಷ ಬಾಲಕೃಷ್ಣ ಸ್ವತಃ ರಚಿಸಿದ ಒಕ್ಕಣೆ: ‘ಕಳೆದ ಇಪ್ಪತ್ತು ವರ್ಷಗಳಿಂದ ತಮ್ಮ ಹುಟ್ಟೂರಿನ ಗದ್ದೆಯಲ್ಲಿ ಒಂದು ಬೆಳೆಯನ್ನೂ ಬಿಡದೆ ಭತ್ತ ಬೆಳೆಸಿ, ಕಡಲಾಚೆಯ ಕನ್ನಡಿಗರಿಗೆ ಉಣಬಡಿಸಿದ ಮಹನೀಯರು.’ ಬಾಲಕೃಷ್ಣ ಬೆಂಗಳೂರಿನ ಜಯನಗರದವರು. ಭತ್ತಕ್ಕೂ ಅವರಿಗೂ ಇದ್ದ ಸಂಬಂಧ ಪ್ರಯಾಣ ಭತ್ಯೆಯದ್ದು ಮಾತ್ರ. ಆದರೂ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು.

ಈಗ ಸತ್ಯಕ್ಕೆ ಬರೋಣ. ಅದು ಆರ್ಟೀಸಿಯಾದಲ್ಲಿತ್ತು.

ಲಾಸ್ ಏಂಜಲೀಸ್‌ನ ಆ ಮೂಲೆಯಲ್ಲಿ ಭಾರತದ ದಿನಸಿ ಅಂಗಡಿಗಳ ಸಾಲೇ ಇದೆ. ಟೆಲಿಕಾಂ ಕಂಪನಿಯಿಂದ ರಿಟೈರ್ ಆದ ಇಂದುಶೇಖರ ವರ್ಷಕ್ಕೆ ಎರಡು ಸಲ, ಡೆಂಟಿಸ್ಟ್ ಹತ್ತಿರ ಹೋಗ್ತೇನೆ ಅಂತ ಕೂಟದವರಿಗೆ ಹೇಳಿ, ತೊಂಬತ್ತೈದು ಮೈಲಿ ಡ್ರೈವ್ ಮಾಡಿ ಅಲ್ಲಿಂದ ನಾಲ್ಕು ಮೂಟೆ ಕೆಂಪು ಕುಚ್ಚಲಕ್ಕಿ ತರುತ್ತಿದ್ದರು. ಅವರ ಹೆಂಡತಿ ಪ್ರಭಾ ಅದನ್ನು ಎರಡೆರಡು ಕೇಜಿಯ ಬಟ್ಟೆ ಚೀಲಗಳಿಗೆ ತುಂಬಿ, ‘ಇಂದುಶೇಖರರ ಗದ್ದೆಯಿಂದ, ಪ್ರೀತಿಯಿಂದ’ ಎಂಬ ಚೀಟಿ ಹೊಲಿದು ಕೂಟದವರಿಗೆ ಹಂಚುತ್ತಿದ್ದರು. ಪ್ರಭಾ ಮೈಸೂರಿನವರು. ಹೊಲಿಗೆ ಅಚ್ಚುಕಟ್ಟು.

ಇದು ಶುರುವಾದದ್ದು ಬಿರುದಿಗೆ ಹನ್ನೊಂದು ವರ್ಷ ಮೊದಲು, ಬಹಳ ಸಣ್ಣದಾಗಿ. ಕೂಟದಲ್ಲಿ ಎಲ್ಲರಿಗೂ ಹೇಳಿಕೊಳ್ಳಲು ಏನಾದರೂ ಇತ್ತು. ಒಬ್ಬರು ಲಾ ಹೋಯಾದಲ್ಲಿ ಸಮುದ್ರದ ತಳ ಅಳೆಯುತ್ತಿದ್ದರು, ಇನ್ನೊಬ್ಬರು ಕಂಪನಿ ಕಟ್ಟಿ ಮಾರಿದ್ದರು, ಮಗದೊಬ್ಬರ ಹಿತ್ತಲಲ್ಲಿ ಕರಿಬೇವು ಆಳೆತ್ತರ ಬೆಳೆದಿತ್ತು. ಇಂದುಶೇಖರರ ಹತ್ತಿರ ಇದ್ದದ್ದು ಬೆನ್ನಿನ ಡಿಸ್ಕ್ ತೊಂದರೆ ಮಾತ್ರ. ಎಲ್ಲರೂ ಮನೆಯಿಂದ ಅಡುಗೆ ತರುವ ಒಂದು ಪಾಟ್‌ಲಕ್ಕಿಗೆ ಗಂಜಿ ತಂದಾಗ ಯಾರೋ, ಅಂಕಲ್, ಅಕ್ಕಿ ಎಲ್ಲಿಯದು ಎಂದು ಕೇಳಿದರು. ನಮ್ಮ ಗದ್ದೆಯದ್ದು ಅಂದುಬಿಟ್ಟರು. ಆ ಅಕ್ಕಿಯನ್ನು ಅವರ ಅಕ್ಕ ಮಂಗಳೂರಿನ ಅಂಗಡಿಯಲ್ಲಿ ಕೊಂಡು ಸೂಟ್‌ಕೇಸಿಗೆ ತುರುಕಿದ್ದು. ಅಕ್ಕ ಕೊಟ್ಟ ಅಕ್ಕಿ ಮುಗಿಯಿತು, ಆಡಿದ ಮಾತು ಮುಗಿಯಲಿಲ್ಲ. ಅಮೆರಿಕದ ಕಸ್ಟಮ್ಸ್‌ನವರು ಅಕ್ಕಿ ಬಿಡುತ್ತಾರಾ ಅಂತ ಒಮ್ಮೆ ಬಾಲಕೃಷ್ಣ ಕೇಳಿದ್ದುಂಟು. ಕುಚ್ಚಲಕ್ಕಿ ಮೊದಲೇ ಬೇಯಿಸಿದ್ದಲ್ಲವೇ, ಕಾನೂನಿನ ಪ್ರಕಾರ ಅದು ಅಡುಗೆ, ಅಂದರು ಇಂದುಶೇಖರ. ಬಾಲಕೃಷ್ಣ ಆ ಪಾಯಿಂಟನ್ನು ಫೋನಿನಲ್ಲಿ ಬರೆದಿಟ್ಟುಕೊಂಡರು.

ಗದ್ದೆ ಇರಲಿಲ್ಲ ಅಂತಲ್ಲ. ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಒಳಗೆ, ಅಪ್ಪ ಬಿಟ್ಟುಹೋದ ಹನ್ನೆರಡು ಸೆಂಟ್ಸ್, ಅಂದರೆ ಎಕರೆಯ ಎಂಟನೇ ಒಂದು ಭಾಗವೂ ಆಗದ ಜಾಗ ಇತ್ತು. ಅಲ್ಲಿ ಕೊನೆಯ ಪೈರು ಕೊಯ್ದದ್ದು 1997ರಲ್ಲಿ. ಆಮೇಲೆ ಅಲ್ಲಿ ಬೆಳೆದದ್ದು ಹುಲ್ಲು. ಪೆನಾಸ್ಕಿಟೋಸ್‌ನಲ್ಲಾದರೋ ಪ್ರತಿ ವರ್ಷ ಬೆಳೆಯುತ್ತಿತ್ತು, ಭತ್ತವಲ್ಲ, ಗದ್ದೆಯೇ. ಹನ್ನೆರಡು ಸೆಂಟ್ಸ್ ಇದ್ದದ್ದು ಅರ್ಧ ಎಕರೆಯಾಗಿ, ಒಂದೂವರೆಯಾಗಿ, ಬಿರುದಿನ ಹೊತ್ತಿಗೆ ಎರಡೂಮುಕ್ಕಾಲಕ್ಕೆ ಬಂದು ನಿಂತಿತ್ತು.

ಬಿರುದು ಬಂದ ಸಂಭ್ರಮ ಇಳಿಯುವ ಮೊದಲೇ ಅಕ್ಕನ ಫೋನು ಬಂತು. ಕುಮುದಾ ಅಕ್ಕ ಟೀಚರ್ ಆಗಿದ್ದವರು, ಎಪ್ಪತ್ತಮೂರು ವರ್ಷ, ಒಬ್ಬರೇ. ಮಂಗಳೂರಿನಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ಎರಡೂ ಮಂಡಿ ಕೈಕೊಟ್ಟಿತ್ತು. ಡಾಕ್ಟರು ಆಪರೇಷನ್ ಬೇಡ, ಮೆಟ್ಟಿಲು ಬಿಡಿ ಅಂದಿದ್ದರು. ಮೂರನೇ ಮಹಡಿಯಲ್ಲಿದ್ದು ಮೆಟ್ಟಿಲು ಬಿಡುವುದು ಹೇಗೆಂದು ಅವರು ಹೇಳಿರಲಿಲ್ಲ.

“ಒಂದು ರೂಮು, ಒಂದು ಅಡುಗೆಮನೆ ಸಾಕು ಮಾರಾಯ,” ಅಂದರು ಅಕ್ಕ. “ನೆಲದ ಮೇಲೆ ಇದ್ರೆ ಆಯ್ತು. ಆ ಜಾಗ ಸುಮ್ಮನೆ ಬಿದ್ದಿದೆಯಲ್ಲ.”

ಜೀವಮಾನದಲ್ಲಿ ತಮ್ಮನಿಂದ ಅಕ್ಕ ಏನಾದರೂ ಕೇಳಿದ್ದು ಅದೇ ಮೊದಲು. ಇಂದುಶೇಖರ ಆಗಲೇ, ಮರುವರ್ಷ ಮಳೆಗಾಲದೊಳಗೆ ಗೃಹಪ್ರವೇಶ ಅಂತ ಮಾತು ಕೊಟ್ಟರು. ಮಾತು ಕೊಡುವುದರಲ್ಲಿ ಅವರದು ಯಾವತ್ತೂ ಭರ್ಜರಿ ಫಸಲು.

ಆದರೆ ಆ ಜಾಗ ಸುಮ್ಮನೆ ಬಿದ್ದಿರಲಿಲ್ಲ, ಡೇಟಾ ಬ್ಯಾಂಕಿನಲ್ಲಿ ಬಿದ್ದಿತ್ತು. ಕಾಸರಗೋಡಿನ ಮಾತು ಕನ್ನಡವಾದರೂ ಕಾನೂನು ಕೇರಳದ್ದು. ಅಲ್ಲಿ ಭತ್ತದ ಗದ್ದೆಗಳನ್ನು ಉಳಿಸಲು 2008ರಲ್ಲಿ ಒಂದು ಕಾಯಿದೆ ಬಂತು. ಯಾವ್ಯಾವುದು ಗದ್ದೆ ಅಂತ ಒಂದು ಪಟ್ಟಿ ಮಾಡಿ ಅದಕ್ಕೆ ಡೇಟಾ ಬ್ಯಾಂಕ್ ಅಂತ ಹೆಸರಿಟ್ಟರು. ಬೇರೆ ಬ್ಯಾಂಕುಗಳಲ್ಲಿ ಹಾಕುವುದು ಕಷ್ಟ, ತೆಗೆಯುವುದು ಸುಲಭ. ಇಲ್ಲಿ ತಾನಾಗಿ ಬಿದ್ದಿರುತ್ತದೆ, ತೆಗೆಯಲು ಜನ್ಮ ಸವೆಯುತ್ತದೆ. ಪಟ್ಟಿಯಲ್ಲಿದ್ದ ಜಾಗದಲ್ಲಿ ಮನೆ ಕಟ್ಟುವಂತಿಲ್ಲ.

ಕಾಸರಗೋಡಿನ ವಕೀಲ ಅರವಿಂದ ಮಾತ್ರ ಹೆದರಬೇಡಿ ಅಂದ. 2008ಕ್ಕೆ ಎಷ್ಟೋ ಮೊದಲೇ ಅಲ್ಲಿ ಬೇಸಾಯ ನಿಂತಿದೆ, ಪಕ್ಕದವರು ಮಣ್ಣು ಹಾಕಿ ನೀರಿನ ದಾರಿಯೂ ಮುಚ್ಚಿದೆ, ಇನ್ನು ಅಲ್ಲಿ ಭತ್ತ ಬೆಳೆಯುವ ಮಾತೇ ಇಲ್ಲ. ಕೃಷಿ ಆಫೀಸರು ಬಂದು ನೋಡಿ ಹಾಗೆ ಒಂದು ವರದಿ ಬರೆದರೆ ಪಟ್ಟಿಯಿಂದ ತೆಗೆಯುತ್ತಾರೆ. ಅದಕ್ಕೆ ಒಂದು ಅಫಿಡವಿಟ್, ಪಾಸ್‌ಪೋರ್ಟ್ ಕಾಪಿ, ಮತ್ತೆ ಅರ್ಜಿದಾರರಿಗೆ ಸಂಬಂಧಪಟ್ಟ ಇತರ ದಾಖಲೆ ಏನಾದರೂ ಇದ್ದರೆ ಕಳಿಸಿ ಅಂದ.

ಇತರ ದಾಖಲೆ ಅಂದ ಕೂಡಲೇ ಇಂದುಶೇಖರರ ಕಣ್ಣು ಗೋಡೆಯ ಮೇಲೆ ತೂಗುತ್ತಿದ್ದ ಚಿನ್ನದ ಅಂಚಿನತ್ತ ಹೋಯಿತು.

“ಅದ್ಯಾಕ್ರೀ ಕಳಿಸ್ತೀರಾ?” ಅಂದರು ಪ್ರಭಾ. “ಅವರು ಕೇಳಿದ್ದು ಜಾಗದ ವಿಷಯ.”

“ಅರ್ಜಿ ಹಾಕಿದವ ಎಂಥ ಮನುಷ್ಯ ಅಂತ ಅವರಿಗೂ ಗೊತ್ತಾಗ್ಬೇಕಲ್ಲ.”

ಅಮೆರಿಕದ ಕಾಗದ ಭಾರತದಲ್ಲಿ ನಡೆಯಬೇಕಾದರೆ ಮೊದಲು ನೋಟರಿ, ಆಮೇಲೆ ರಾಜ್ಯ ಸರ್ಕಾರದ ಅಪೋಸ್ಟಿಲ್ ಎಂಬ ಮೊಹರು ಆಗಬೇಕು. ಅದಕ್ಕಾಗಿ ಅವರು ಲಾಸ್ ಏಂಜಲೀಸ್‌ಗೆ ಹೋಗಿ ಎರಡು ಗಂಟೆ ಕ್ಯೂ ನಿಂತರು. ಪಾಸ್‌ಪೋರ್ಟಿನ ಕಾಪಿ, ಅಫಿಡವಿಟ್, ಸರ್ಟಿಫಿಕೇಟು, ಕೂಟದ ಸ್ಮರಣ ಸಂಚಿಕೆಯಲ್ಲಿ ಪೇಟ ಸಮೇತ ಬಂದ ಅವರ ಫೋಟೋ ಇದ್ದ ಪುಟ, ಎಲ್ಲವನ್ನೂ ಸೇರಿಸಿ ಪಿನ್ ಹೊಡೆಸಿ, ಮೇಲೆ ಮೊಹರು ಹಾಕಿಸಿದರು. ಬರುವ ದಾರಿಯಲ್ಲಿ ಆರ್ಟೀಸಿಯಾಕ್ಕೂ ಹೋದರು, ಹೇಗೂ ಬಂದದ್ದಾಯ್ತಲ್ಲ. ಆ ಸಂಜೆ ಐದನೇ ನಂಬರಿನ ಹೈವೇಯಲ್ಲಿ ಇಳಿದು ಬಂದ ಕಾರಿನ ಡಿಕ್ಕಿಯಲ್ಲಿ ನಾಲ್ಕು ಮೂಟೆ ಅಂಗಡಿ ಅಕ್ಕಿಯಿತ್ತು. ಮುಂದಿನ ಸೀಟಿನಲ್ಲಿ, ಅದು ಅಂಗಡಿಯದ್ದಲ್ಲ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಮೊಹರು ಬಿದ್ದ ದಾಖಲೆ ಇತ್ತು. ಬೀಳದಂತೆ ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದರು.

ಅರವಿಂದನ ಗುಮಾಸ್ತ ಆ ಕಟ್ಟನ್ನು ಓದದೆ ಫೈಲಿಗೆ ಸೇರಿಸಿದ. ಕೃಷಿ ಆಫೀಸರು ಓದಿದರು. ಅವರ ಹೆಸರು ಸೌಜನ್ಯ. ಹೊಸಬರು, ಕನ್ನಡದವರು. ಮೂವತ್ತು ಪುಟದ ಇಂಗ್ಲಿಷ್ ನಡುವೆ ಅಚ್ಚುಕಟ್ಟಾದ ಕನ್ನಡದಲ್ಲಿ ಇದ್ದದ್ದು ಆ ಸರ್ಟಿಫಿಕೇಟು ಒಂದೇ. ಅವರು ಅದನ್ನು ಎರಡು ಸಲ ಓದಿ, ಜಾಗ ನೋಡಲು ದಿನ ಗೊತ್ತು ಮಾಡಿದರು.

2023ರ ಜೂನ್. ಊರಲ್ಲಿ ಶುಕ್ರವಾರ ಬೆಳಿಗ್ಗೆ ಏಳು, ಪೆನಾಸ್ಕಿಟೋಸ್‌ನಲ್ಲಿ ಗುರುವಾರ ಸಂಜೆ ಆರೂವರೆ. ಇಪ್ಪತ್ತೆರಡು ಗಂಟೆ ವಿಮಾನದಲ್ಲಿ ಕೂರಲು ಡಿಸ್ಕ್ ಒಪ್ಪದ ಕಾರಣ ಇಂದುಶೇಖರ ವಿಡಿಯೋ ಕಾಲಿನಲ್ಲಿ ಹಾಜರಾಗುವುದು ಅಂತಾಗಿತ್ತು. ಇದನ್ನು ಪ್ರಭಾ ಗ್ರೋಸರಿ ಅಂಗಡಿಯಲ್ಲಿ ಸಿಕ್ಕ ಒಬ್ಬರಿಗೆ, ಗದ್ದೆ ನೋಡೋಕೆ ಸರ್ಕಾರದೋರು ಬರ್ತಿದ್ದಾರೆ ಅಂತಷ್ಟೇ ಹೇಳಿದ್ದರು. ಅಷ್ಟು ಸಾಕಾಯಿತು. ಕೂಟದ ವಾಟ್ಸಾಪ್ ಗುಂಪಿನಲ್ಲಿ ಬಾಲಕೃಷ್ಣರ ಪ್ರಕಟಣೆ ಬಂತು: ‘ನಮ್ಮ ಅನ್ನದಾತರ ಗದ್ದೆಗೆ ಸರ್ಕಾರದ ಅಧಿಕೃತ ಭೇಟಿ. ನೇರ ಪ್ರಸಾರ. ಸ್ಥಳ: ಅವರದೇ ಮನೆ. ಹೆಸರಿನ ಮೊದಲಕ್ಷರ ಎ ಇಂದ ಕೆ ವರೆಗಿನವರು ಸ್ನ್ಯಾಕ್ಸ್, ಉಳಿದವರು ಸಿಹಿ ತರುವುದು.’

ಆರು ಗಂಟೆಗೆ ಬಾಗಿಲು ತೆರೆದರೆ ಹೊರಗೆ ಹದಿನಾಲ್ಕು ಜೊತೆ ಚಪ್ಪಲಿ. ಒಳಗೆ ಬಂದವರು ಫೋನಿನಲ್ಲಿ ಆಗುವುದಿಲ್ಲ ಅಂತ ವಿಡಿಯೋ ಕಾಲ್ ಅನ್ನು ಟಿವಿಗೆ ಹಾಕಿದರು. ಇಂದುಶೇಖರರಿಗೆ ಪೇಟ ತೊಡಿಸಿ ಸೋಫಾದ ನಡುವೆ ಕೂರಿಸಿದರು. ಇದು ಹಾಗಲ್ಲ, ಇದು ಬೇರೆ ವಿಷಯ, ಅಂತ ಅವರು ಮೂರು ಸಲ ಹೇಳಿದರು. ಮೂರು ಸಲವೂ ಯಾರೋ ಅವರ ಕೈಗೆ ಕೋಡುಬಳೆ ಕೊಟ್ಟರು.

ಅರವತ್ತೈದು ಇಂಚಿನ ಪರದೆಯಲ್ಲಿ ಊರು ಮೂಡಿತು. ಜಿನುಗು ಮಳೆ. ಮೊಣಕಾಲುದ್ದದ ಹಸಿರು ಹುಲ್ಲು. ಒಂದು ಕೊಡೆಯ ಕೆಳಗೆ ಅರವಿಂದ, ಇನ್ನೊಂದರ ಕೆಳಗೆ ಊರುಗೋಲು ಹಿಡಿದ ಅಕ್ಕ. ಪೈರು ಎಷ್ಟು ಚೆನ್ನಾಗಿ ಬಂದಿದೆ ಅಂತ ಸೋಫಾದ ಹಿಂದಿನಿಂದ ಒಂದು ದನಿ ಬಂತು. ಹುಲ್ಲಿನ ನಡುವೆ ಒಂದು ಹಸು ತಲೆ ಎತ್ತಿತು. ಅದು ಆರ್ಗ್ಯಾನಿಕ್ ಪದ್ಧತಿ ಅಂತ ಬಾಲಕೃಷ್ಣ ವಿವರಿಸಿದರು. ಹಸು ಸಮಾಧಾನವಾಗಿ ಆ ಪದ್ಧತಿಯನ್ನು ಮೇಯುತ್ತಿತ್ತು.

ಸೌಜನ್ಯ ಕ್ಯಾಮೆರಾಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಫೈಲು.

“ಸರ್, ಇಲ್ಲಿ ನನಗೆ ಕಾಣುವುದು ಹುಲ್ಲು ಮಾತ್ರ. ನೀರು ಬರುವ ದಾರಿಯೂ ಮುಚ್ಚಿದೆ. ನೋಡಿದ್ರೆ ಎಷ್ಟೋ ವರ್ಷದಿಂದ ಬೇಸಾಯ ಇಲ್ಲ ಅಂತಲೇ ಬರೀಬೇಕು. ಆದ್ರೆ ನಿಮ್ಮ ಫೈಲಿನಲ್ಲಿ ಒಂದು ಸರ್ಟಿಫಿಕೇಟ್ ಉಂಟು, ಇಪ್ಪತ್ತು ವರ್ಷದಿಂದ ಒಂದು ಬೆಳೆಯೂ ಬಿಡದೆ ಭತ್ತ ಬೆಳೀತಿದ್ದೀರಿ ಅಂತ. ಅಮೆರಿಕದ ಸರ್ಕಾರಿ ಮೊಹರು ಸಹ ಉಂಟು. ಯಾವುದು ಸರಿ ಸರ್?”

ಅರವಿಂದ ಕೊಡೆ ಬಿಟ್ಟು ಫೈಲಿನೊಳಗೆ ಬಗ್ಗಿ ನೋಡಿದ್ದು ಟಿವಿಯಲ್ಲಿ ಕಂಡಿತು. ಅವನ ಮುಖದ ಬಣ್ಣ ಹೋದದ್ದೂ ಆ ಟಿವಿಯಲ್ಲಿ ಚೆನ್ನಾಗಿಯೇ ಕಂಡಿತು, ಒಳ್ಳೆಯ ಮಾಡೆಲ್ಲು.

ಇಂದುಶೇಖರ ಹೇಳಬೇಕಾಗಿದ್ದದ್ದು ಒಂದೇ ಮಾತು, ಸರ್ಟಿಫಿಕೇಟು ಸುಳ್ಳು. ಅಷ್ಟು ಹೇಳಿದರೆ ಅಕ್ಕನಿಗೆ ನೆಲದ ಮೇಲೆ ಮನೆ. ಆದರೆ ಹಿಂದೆ ಹದಿನಾಲ್ಕು ಜನ ಅವರ ಅಕ್ಕಿಯ ಚೀಲ ಅಡುಗೆಮನೆಯಲ್ಲಿ ಇಟ್ಟುಕೊಂಡವರು. ಕೆಲವರು ಅದನ್ನು ದೇವರ ಮುಂದೆಯೂ ಇಡುತ್ತಿದ್ದರು.

“ಹೇಳಿ ಸಾರ್, ಧೈರ್ಯವಾಗಿ ಹೇಳಿ,” ಅಂದರು ಬಾಲಕೃಷ್ಣ. “ನಿಮ್ಮ ಹಿಂದೆ ನಾವಿದೀವಿ.”

“ಸರ್ಟಿಫಿಕೇಟ್ ಸರಿ,” ಅಂದರು ಇಂದುಶೇಖರ.

ಹಾಗಾದರೆ ಈಗ ಯಾಕೆ ಹುಲ್ಲು ಅಂತ ಸೌಜನ್ಯ ಕೇಳಿದರು. ಕೋವಿಡ್, ಅಂದರು. ಆ ಕಾಲದಲ್ಲಿ ಜಗತ್ತಿನ ಎಲ್ಲ ತಪ್ಪುಗಳನ್ನೂ ಹೊತ್ತ ಕೋವಿಡ್, ಇದನ್ನೂ ಹೊತ್ತಿತು.

ಸೌಜನ್ಯ ಪೆನ್ನು ತೆಗೆದವರು ಬರೆಯಲಿಲ್ಲ. ಪಕ್ಕಕ್ಕೆ ತಿರುಗಿ, ಅಮ್ಮ, ನೀವು ಇಲ್ಲಿಯವರು, ನೀವೇ ಹೇಳಿ, ಇಲ್ಲಿ ಬೇಸಾಯ ಇತ್ತಾ ಅಂತ ಕೇಳಿದರು.

ಅಕ್ಕ ಫೋನಿನ ಹತ್ತಿರ ಮುಖ ತಂದರು. ಪುಟ್ಟ ಪರದೆಯಲ್ಲಿ ಅವರಿಗೆ ಪೇಟ ತೊಟ್ಟ ತಮ್ಮ, ಅವನ ಹಿಂದೆ ಸಾಲಾಗಿ ನಗುತ್ತಿದ್ದ ಮುಖಗಳು ಕಂಡಿರಬೇಕು.

“ಅವ ಇತ್ತು ಅಂದ್ರೆ ಇತ್ತು,” ಅಂದರು. “ಬರ್ಕೊಳ್ಳಿ.”

ಪೆನಾಸ್ಕಿಟೋಸ್‌ನ ಮನೆಯಲ್ಲಿ ಚಪ್ಪಾಳೆ ಬಿತ್ತು. ಯಾರೋ ಮೈಸೂರ್‌ಪಾಕ್ ಹಂಚಿದರು.

ಆಗಸ್ಟಿನಲ್ಲಿ ಆದೇಶ ಬಂತು: ಅರ್ಜಿದಾರರೇ ಒಪ್ಪಿಕೊಂಡಂತೆ ಸದರಿ ಜಾಗವು ಭತ್ತದ ಗದ್ದೆ, ಪಟ್ಟಿಯಿಂದ ತೆಗೆಯಲು ಬರುವುದಿಲ್ಲ. ಇಂದುಶೇಖರ ಅಕ್ಕನಿಗೆ ಫೋನು ಮಾಡಿ, ನೀನಾದರೂ ನಿಜ ಹೇಳಬಹುದಿತ್ತಲ್ಲ ಅಂದರು. ತಪ್ಪನ್ನು ಹಂಚಿಕೊಳ್ಳಲು ಅಕ್ಕನಿಗಿಂತ ಹತ್ತಿರದವರು ಯಾರೂ ಇರಲಿಲ್ಲ.

“ಅಷ್ಟು ಜನರ ಎದುರು ನಿನ್ನನ್ನು ಸುಳ್ಳುಗಾರ ಮಾಡ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ,” ಅಂದರು ಅಕ್ಕ. ಆಮೇಲೆ, ಬಂದವರಿಗೆಲ್ಲ ಊಟ ಹಾಕಿದಿರಾ ಅಂತ ಕೇಳಿದರು.

ಆ ವಾರ ಇಂದುಶೇಖರರಿಗೆ ಗಂಜಿ ಇಳಿಯಲಿಲ್ಲ. ಭಾನುವಾರ ಅವರು ಆರ್ಟೀಸಿಯಾ ಅಂಗಡಿಯ ರಸೀದಿಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಬಾಲಕೃಷ್ಣರ ಮನೆಗೆ ಹೋದರು. ಅಕ್ಕಿ ನನ್ನದಲ್ಲ, ಅಂಗಡಿಯದ್ದು, ಹನ್ನೆರಡು ವರ್ಷದಿಂದ ಸುಳ್ಳು ಹೇಳಿದ್ದೇನೆ, ಸರ್ಟಿಫಿಕೇಟು ರದ್ದು ಮಾಡಿ ಒಂದು ಪತ್ರ ಕೊಡಿ ಅಂತ ನಿಂತೇ ಹೇಳಿದರು. ಬಾಲಕೃಷ್ಣ ರಸೀದಿಗಳನ್ನು ಒಂದೊಂದಾಗಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ತುಂಬಿತು.

“ಬೆಳೆ ಕೈಕೊಟ್ಟ ವರ್ಷ ಕೂಡ ನಮಗೆ ಕಡಿಮೆ ಆಗ್ಬಾರ್ದು ಅಂತ ಕೈಯಿಂದ ಹಾಕಿ ತಂದಿದೀರಲ್ಲ ಸಾರ್. ಒಂದು ದಿನ ಬಾಯಿ ಬಿಟ್ಟು ಹೇಳಲಿಲ್ಲ.”

ಎಲ್ಲ ವರ್ಷವೂ ಕೈಕೊಟ್ಟಿದೆ ಅಂದರು ಇಂದುಶೇಖರ. ಅದನ್ನು ರೈತನ ಬವಣೆ ಎಂದು ಬಾಲಕೃಷ್ಣ ಅರ್ಥ ಮಾಡಿಕೊಂಡರು. ಬಿರುದು ವಾಪಸ್ ತೆಗೆದುಕೊಳ್ಳುವ ವಿಷಯಕ್ಕೆ ಬಂದರೆ, ಸಮಿತಿ ಸರ್ವಾನುಮತದಿಂದ ಕೊಟ್ಟದ್ದನ್ನು ಸರ್ವಸದಸ್ಯರ ಸಭೆಯಲ್ಲಿ ಮಾತ್ರ ರದ್ದು ಮಾಡಬಹುದು, ಅದಕ್ಕೆ ಮೂರನೇ ಎರಡು ಭಾಗ ಕೋರಂ ಬೇಕು, ಕೂಟದ ಇತಿಹಾಸದಲ್ಲೇ ಅಷ್ಟು ಜನ ಊಟದ ಹೊತ್ತಿಗಲ್ಲದೆ ಸೇರಿದ್ದಿಲ್ಲ ಎಂದರು. ಆ ನವೆಂಬರಿನಲ್ಲಿ ಇಂದುಶೇಖರರಿಗೆ ಎರಡನೇ ಶಾಲು ಹೊದಿಸಲಾಯಿತು.

ಶಾಲು ಹೊದ್ದುಕೊಂಡೇ ಅವರು ಒಂದು ನಿರ್ಧಾರ ಮಾಡಿದರು. ಆ ಕಾಯಿದೆಯಲ್ಲಿ ಒಂದು ಕಿಂಡಿ ಇರುವುದನ್ನು ಇಂಟರ್ನೆಟ್ಟಿನಲ್ಲಿ ಓದಿದ್ದರು: ಗದ್ದೆಯ ಒಡೆಯನಿಗೆ ಆ ಜಿಲ್ಲೆಯಲ್ಲಿ ಬೇರೆ ಎಲ್ಲೂ ಮನೆಯಾಗಲಿ ಜಾಗವಾಗಲಿ ಇಲ್ಲದಿದ್ದರೆ, ವಾಸಕ್ಕೆ ಒಂದು ಸಣ್ಣ ಮನೆ ಕಟ್ಟಲು ಅಲ್ಲಿನ ಸರ್ಕಾರಿ ಸಮಿತಿ ಅನುಮತಿ ಕೊಡಬಹುದು. ಅಕ್ಕನಿಗೆ ಜಗತ್ತಿನಲ್ಲೇ ಎಲ್ಲೂ ಮನೆಯಿಲ್ಲ. ಹಾಗಾದರೆ ಜಾಗವನ್ನೇ ಅಕ್ಕನಿಗೆ ದಾನ ಕೊಟ್ಟುಬಿಡುವುದು. ಮನೆಗೆ ಮನೆಯೂ ಆಯಿತು, ಪಾಪಕ್ಕೆ ಪರಿಹಾರವೂ ಆಯಿತು.

ಅರವಿಂದನನ್ನು ಒಂದು ಮಾತು ಕೇಳಿ ಅಂದರು ಪ್ರಭಾ. ಅವನಿಗೆ ಮುಖ ತೋರಿಸಲು ಇಂದುಶೇಖರರಿಗೆ ನಾಚಿಕೆ. ಊರಿನಲ್ಲಿ ದಸ್ತಾವೇಜು ಬರೆಯುವ ಉದಯಶಂಕರ ಎಂಬವರಿದ್ದರು. ಅವರ ಕೆಲಸ ಬರೆಯುವುದು, ಯಾಕೆ ಬರೆಸುತ್ತೀರಿ ಎಂದು ಕೇಳುವುದಲ್ಲ. ಅವರಿಗೇ ಅಧಿಕಾರ ಪತ್ರ ಕಳಿಸಿದ್ದಾಯಿತು. ಮತ್ತೆ ಲಾಸ್ ಏಂಜಲೀಸ್, ಮತ್ತೆ ಕ್ಯೂ, ಮತ್ತೆ ಮೊಹರು. ಈ ಸಲ ಆರ್ಟೀಸಿಯಾದ ಎಕ್ಸಿಟ್ ಬಂದಾಗ ಅವರು ತಲೆ ತಿರುಗಿಸಲಿಲ್ಲ. ಇಷ್ಟು ಸತ್ಯವಂತರಾಗಿ ಅವರು ಆ ಹೈವೇಯಲ್ಲಿ ಯಾವತ್ತೂ ಡ್ರೈವ್ ಮಾಡಿರಲಿಲ್ಲ.

ನನಗೆಂತಕ್ಕೆ ಜಾಗ, ನಿನ್ನ ಹೆಸರಿನಲ್ಲೇ ಇರಲಿ, ನಾನು ಇದ್ದು ಹೋಗುವವಳು, ಅಂದರು ಅಕ್ಕ. ಇಂದುಶೇಖರ ಒಪ್ಪಲಿಲ್ಲ. ಅಕ್ಕ ಮೂರು ಮಹಡಿ ಇಳಿದು, ಬಸ್ಸಿನಲ್ಲಿ ಹೋಗಿ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಬಂದರು. ಆ ಮೇಲೆ ಒಂದೂವರೆ ತಿಂಗಳು ಅವರ ಫೋನಿನಲ್ಲಿ ಬೇರೆ ಮಾತೇ ಇರಲಿಲ್ಲ. ಅಡುಗೆಮನೆ ಕಿಟಕಿ ಪೂರ್ವಕ್ಕೆ ಬೇಕು, ಹೊಸ್ತಿಲು ಎತ್ತರ ಬೇಡ, ಒಳಗೆ ಹೊರಗೆ ಎಲ್ಲಾ ಒಂದೇ ಮಟ್ಟ ಇರಲಿ, ಒಂದು ಮೆಟ್ಟಿಲು ಕೂಡ ಬೇಡ. ಇಂದುಶೇಖರ ಗ್ರಾಫ್ ಹಾಳೆಯಲ್ಲಿ ಪ್ಲಾನು ಹಾಕಿದರು. ಮನಸ್ಸು ಎಷ್ಟೋ ವರ್ಷದ ಮೇಲೆ ಹಗುರವಾಗಿತ್ತು.

2024ರ ಮಾರ್ಚಿನಲ್ಲಿ ಅಕ್ಕನ ಹೆಸರಿನ ಕಾಗದಗಳನ್ನೆಲ್ಲ ಅರವಿಂದನಿಗೆ ಹೆಮ್ಮೆಯಿಂದ ಕಳಿಸಿದರು. ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವನೇ ಫೋನು ಮಾಡಿದ.

“ದಾನಪತ್ರ ಮಾಡ್ಲಿಕ್ಕೆ ಯಾರು ಹೇಳಿದ್ದು ಸರ್?”

ಯಾರೂ ಹೇಳಿಲ್ಲ, ನನ್ನದೇ ಐಡಿಯಾ ಅಂದರು ಇಂದುಶೇಖರ, ಹೊಗಳಿಕೆಗೆ ಜಾಗ ಬಿಟ್ಟು.

ಅರವಿಂದ ನಿಧಾನವಾಗಿ ವಿವರಿಸಿದ. ಆ ಅನುಮತಿ ಇರುವುದು 2008ರಲ್ಲಿ ಕಾಯಿದೆ ಬಂದ ದಿನ ಯಾರು ಒಡೆಯರಾಗಿದ್ದರೋ ಅವರಿಗೆ. ಅದರ ನಂತರ ಕೊಂಡವರಿಗಿಲ್ಲ, ದಾನ ತೆಗೆದುಕೊಂಡವರಿಗೂ ಇಲ್ಲ. ಅಕ್ಕ ಒಡೆಯರಾದದ್ದು ಮೊನ್ನೆ.

“ನಿಮ್ಮ ಹೆಸರಲ್ಲೇ ಇದ್ದಿದ್ರೆ ಆಗ್ತಿತ್ತು ಸರ್. ನಿಮಗೆ ಈ ಜಿಲ್ಲೆಯಲ್ಲಿ ಮನೆ ಇಲ್ಲವಲ್ಲ. ನಾನು ಅದೇ ಅರ್ಜಿ ಟೈಪ್ ಮಾಡಿಸಿ ಇಟ್ಟಿದ್ದೆ, ನಿಮ್ಮ ಫೋನಿಗೆ ಕಾಯ್ತಿದ್ದೆ.”

ವಾಪಸ್ ನನ್ನ ಹೆಸರಿಗೆ ಬರೆಸಿದರೆ ಅಂತ ಕೇಳಿದರು ಇಂದುಶೇಖರ. ಬರೆಸಿದರೆ ನೀವೂ ಹೊಸ ಒಡೆಯರೇ ಆಗುತ್ತೀರಿ ಅಂದ ಅರವಿಂದ. ಕಾಫಿಯ ಮೇಲೆ ಕೆನೆ ಕಟ್ಟಿತು.

“ಒಂದು ದಾರಿ ಉಂಟು,” ಅಂದ ಅರವಿಂದ ಕೊನೆಗೆ. “2008ಕ್ಕಿಂತ ಮೊದಲು ಯಾವುದಾದ್ರೂ ಕಾಗದದಲ್ಲಿ ನಿಮ್ಮ ಅಕ್ಕನ ಹೆಸರು ಇತ್ತಾ ಸರ್? ಅಪ್ಪ ತೀರಿಕೊಂಡ ಮೇಲೆ ಮಗಳಿಗೂ ಪಾಲು ಬರ್ಬೇಕಲ್ಲ. ಅದು ಅವರ ಹೆಸರಲ್ಲೇ ಉಳಿದಿದ್ರೆ ನಾನು ಹೈಕೋರ್ಟಿನವರೆಗೆ ವಾದ ಮಾಡ್ತೇನೆ.”

“ಇತ್ತು,” ಅಂದರು ಇಂದುಶೇಖರ. “ಐದು ತಿಂಗಳು ಇತ್ತು.”

“ಮತ್ತೆ?”

ಮತ್ತೆ 2003ರ ಒಂದು ಗುರುವಾರ. ಸಂಜೆ ಫ್ಲೈಟು. ಜಾಗ ಒಬ್ಬರ ಹೆಸರಿನಲ್ಲಿದ್ದರೆ ವ್ಯವಹಾರ ಸುಲಭ ಅಂತ ಇಂದುಶೇಖರರೇ, ಅಕ್ಕ ತನ್ನ ಪಾಲಿನ ಹಕ್ಕು ಬಿಡುವ ಪತ್ರ ತಯಾರು ಮಾಡಿಸಿ ತಂದಿದ್ದರು. ರಿಜಿಸ್ಟ್ರಾರ್ ಆಫೀಸಿನ ಅಂಗಳದಲ್ಲಿ, ಟ್ಯಾಕ್ಸಿಯ ಬಾನೆಟ್ ಮೇಲೆ ಹಾಳೆ ಇಟ್ಟು, ಇಲ್ಲಿ, ಮತ್ತೆ ಇಲ್ಲಿ, ಅಂತ ಬೆರಳು ತೋರಿಸಿದ್ದರು. ಇದನ್ನೆಲ್ಲ ಅವರು ಅರವಿಂದನಿಗೆ ಹೇಳಲು ಹೊರಟರು. ಬಾಯಿಗೆ ಬಂದದ್ದು ಎರಡೇ ಮಾತು.

“ಓದಿ ಸಹಿ ಹಾಕ್ತೇನೆ, ಕನ್ನಡಕ ತರ್ತೇನೆ ಅಂದ್ಲು,” ಅಂದರು. “ಟ್ಯಾಕ್ಸಿ ಕಾಯ್ತಿತ್ತು.”